ಹದ್ದು ಮೇಯಿಸಿದ ಸಕ್ರವ್ವ

ತಿಕೋಟಾದ ಸಂತೆಯಲ್ಲಿ ಒಣದ್ರಾಕ್ಷಿ ವ್ಯಾಪಾರದ ಕರೆಪ್ಪ ಸಕ್ರವ್ವನನ್ನು ಕಂಡನೆಂದರೆ ತಕ್ಕಡಿ ಕೆಳಗಿಟ್ಟು ಎರಡೂ ಕೈ ಎತ್ತಿ ಮುಗಿಯುತ್ತಿದ್ದ.

"ಬಾರಬೇ ಸಕ್ರವ್ವಾ! ನಿನ್ನ ಕಡಬಿನ ಪುಣ್ಯಾದಿಂದ ನಾ ಹುಬ್ಬಳ್ಳಿ ನೋಡಿ ಬಂದೆ. ಟಿಕೀಟ ತಗಿಸಿದ್ದು ಮನಿಗೆ, ಇಳಿದಿದ್ದು ಹುಬ್ಬಳ್ಳ್ಯಾಗ!"

"ಪುಣ್ಯಾ ಇತ್ತಂತ ಹುಬ್ಬಳ್ಳ್ಯಾಗರ ಇಳಿದಿ. ಇಲ್ಲಾಂದ್ರ ಇನ್ನೂ ಮ್ಯಾಲ ಇರ್ತಿದ್ದಿ ನೋಡು," ಅಂದಳು ಸಕ್ರವ್ವ.

ಸುತ್ತಲಿನವರು ನಕ್ಕರು, ಸಕ್ರವ್ವನೂ ನಕ್ಕಳು. ಬಸ್ಸಿನಲ್ಲಿ ಕೂತು ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಮೇಲೆ ನಗು ಇಳಿಯಿತು. ಕರೆಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಯ ದಿನ ಅವನು ಕೂತಿದ್ದ ವಿಮಾನ ಗವಿಮಡ್ಡಿಯ ಮೇಲೆ ನಾಲ್ಕು ಸುತ್ತು ಹಾಕಿ, ಇಳಿಯಲಾರದೆ ಹುಬ್ಬಳ್ಳಿಗೆ ಹೋಗಿತ್ತು. ಕೆಳಗೆ ಹದ್ದುಗಳ ಹಿಂಡು ಗಿರಕಿ ಹೊಡೆಯುತ್ತಿತ್ತು. ಹದ್ದು ಬಂದದ್ದು ಚರಗದ, ಅಂದರೆ ಭೂಮಿತಾಯಿಗೆ ಅಂತ ಹೊಲದಲ್ಲಿ ಚೆಲ್ಲುವ ಅಡಿಗೆಯ, ಸಲುವಾಗಿ. ಆ ಚರಗ ಚೆಲ್ಲಿಸಿದವಳು ಸಕ್ರವ್ವ.

ಗವಿಮಡ್ಡಿಯೆಂದರೆ ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಎತ್ತರದ ಕೆಂಪು ಮಸಾರಿ ನೆಲ. ಊರು ದೂರ, ಹಳ್ಳ ಇನ್ನೂ ದೂರ, ಗಾಳಿಯೊಂದೇ ಹತ್ತಿರ. ಅಲ್ಲಿ ಹನ್ನೊಂದು ಮನೆತನದ ಹೊಲಗಳಿದ್ದವು. ದೊಡ್ಡ ಲಡಾಯಿಯ ಕಾಲಕ್ಕೆ ಬಿಳಿ ಸಾಹೇಬರು ಬಂದು ಕೆಂಪು ಬಾವುಟ ನೆಟ್ಟು, ಹಾಲುಗಾಳಿದ್ದ ಜೋಳವನ್ನು ಹಾಗೆಯೇ ಕೊಯ್ಯಿಸಿ, ವಿಮಾನ ಇಳಿಯಲು ಹಾದಿ ಮಾಡಿದರು. ಸಕ್ರವ್ವನ ಅತ್ತೆ ಆಗ ಹೊಸ ಸೊಸೆ. ತನ್ನ ಹೊಲದ ಮೇಲೆಯೇ ಕೂಲಿಗೆ ಕೂತು ಜಲ್ಲಿ ಒಡೆದಳು. "ಹೊಲಾ ನಮ್ಮದು, ಕಲ್ಲ ನಮ್ಮವು, ರಟ್ಟಿ ನಮ್ಮವು. ವಿಮಾನ ಅಷ್ಟ ಅವರದು," ಅನ್ನುತ್ತಿದ್ದಳು ಮುದುಕಿ, ಸಾಯುವ ತನಕ.

ಒಂದನ್ನು ಮಾತ್ರ ಅವರು ಮುಟ್ಟಲಿಲ್ಲ. ಹಾದಿಯ ಅಂಚಿನಿಂದ ಇನ್ನೂರು ಹೆಜ್ಜೆ ದೂರ, ಬನ್ನಿಗಿಡದ ಬುಡಕ್ಕೆ, ಐದು ಕಲ್ಲಿದ್ದವು. ಪಾಂಡವರು. ಎಳ್ಳಮಾವಾಸ್ಯೆಗೆ ಸುಣ್ಣ ಹಚ್ಚಿ, ಮುಂದೆ ಎಡೆ ಇಟ್ಟು, ಅಲ್ಲಿಂದ ಹೊಲದ ತುಂಬ ಚರಗ ಚೆಲ್ಲುವುದು ಹನ್ನೊಂದು ಮನೆಯವರ ರೂಢಿ. ಐದರಲ್ಲಿ ಕಡೆಯವನು, ಸಣ್ಣವನು, ನೆಟ್ಟಗೆ ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ಅವನಿಗೊಂದು ಒತ್ತು ಕೊಡಬೇಕು. ಅತ್ತೆ ತಾನು ಒಡೆದ ಜಲ್ಲಿಯ ಚೂರನ್ನೇ ಅವನ ಬುಡಕ್ಕೆ ಒತ್ತಿದ್ದಳು.

ಲಡಾಯಿ ಮುಗಿದು ವಿಮಾನಗಳು ಹೋದವು. ಕಂಬದ ಮೇಲಿನ ಗಾಳಿಚೀಲ ಹರಿದು ಹೋಯಿತು. ಆಗ ಹನ್ನೊಂದು ಮನೆಯವರು ಎತ್ತು ಗಾಡಿ ಕಟ್ಟಿಕೊಂಡು ವಾಪಸು ಬಂದರು. ಉಳಲು ಬರುವ ನೆಲವಾಗಿ ಅದು ಉಳಿದಿರಲಿಲ್ಲ. ರಾಶಿ ಮಾಡಲು ಮಾತ್ರ ಅದಕ್ಕಿಂತ ಛಲೋ ಜಾಗ ಸುತ್ತ ನಾಲ್ಕೂರಲ್ಲಿ ಇರಲಿಲ್ಲ. ಮೈಲು ಉದ್ದದ ಕಣ! ಒಂದು ತುದಿಗೆ ಜೋಳ, ಇನ್ನೊಂದು ತುದಿಗೆ ಕುಸುಬಿ, ನಡುವೆ ಸೈಕಲ್ಲು ಕಲಿಯುವವರು, ಬಿದ್ದವರು.

ಸಕ್ರವ್ವ ಆ ಮನೆಗೆ ಬಂದದ್ದೇ ಆ ಹಾದಿಯ ಮೇಲಿಂದ. ಹದಿನಾರರ ಮದುಮಗಳು, ಬಬಲೇಶ್ವರದ ಕಡೆಯಿಂದ ಗಾಡಿಯಲ್ಲಿ ಬರುತ್ತಿದ್ದಳು. ದಾರಿಯುದ್ದಕ್ಕೂ ಗಾಡಿ ಎತ್ತಿ ಎತ್ತಿ ಒಗೆದು ನಡ ಮುರಿದಿತ್ತು. ಒಮ್ಮೆಲೇ ಕುಲುಕಾಟ ನಿಂತಿತು. ಗಾಡಿ ನಿಂತಿತೇನೋ ಅಂತ ಸೆರಗು ಸರಿಸಿ ನೋಡಿದಳು. ಗಾಡಿ ನಡೆದೇ ಇತ್ತು. ಮುಂದೆ ಕೆರೆಯ ಅಂಗಳದಷ್ಟು ಅಗಲದ ಹಾದಿ ಆಕಾಶದ ತನಕ ಹಾಸಿತ್ತು. ಮುಂದೆ ಕೂತ ಗಂಡ ಅಮಸಿದ್ದ ತಿರುಗದೆಯೇ ಅಂದ: "ಹೆದರಬ್ಯಾಡ. ಇದು ನಮ್ಮ ಹೊಲಾನ."

ಬಾಂಗ್ಲಾ ಲಡಾಯಿ ಆದ ಮೇಲೆ ಮಿಲಿಟರಿ ಮತ್ತೆ ಬಂತು. ಈ ಸಲ ತಂತಿಬೇಲಿ, ಗೇಟು, ಬಂದೂಕು. ಹಾದಿ ಡಾಂಬರಾಗಿ ಉದ್ದವಾಯಿತು, ರಾಶಿ ನಿಂತಿತು. ಬೇಲಿ ಬಿದ್ದ ಮೊದಲ ಎಳ್ಳಮಾವಾಸ್ಯೆಗೆ ಅತ್ತೆ, ಅಮಸಿದ್ದ, ಸಕ್ರವ್ವ ಮೂವರೂ ಬುಟ್ಟಿ ಹೊತ್ತು ಗೇಟಿಗೆ ಹೋದರು. ಪಹರೆಯವನು ಬಂದೂಕು ಅಡ್ಡ ಹಿಡಿದ. ಮುದುಕಿ ರಸ್ತೆಯ ನಡುವೆಯೇ ಕೂತಳು.

"ನೀ ಗುಂಡ ಹಾರಸು, ನಾ ಎಡಿ ಇಡ್ತೇನಿ. ಯಾರದು ಮೊದಲ ಮುಗೀತೈತಿ ನೋಡೂಣು."

ಜೀಪಿನಲ್ಲಿ ಬಂದವನು ಗಡ್ಡದ ಸಾಹೇಬ, ಪಂಜಾಬದ ರೈತನ ಮಗ. ಮಾತು ಯಾರದೂ ಯಾರಿಗೂ ತಿಳಿಯಲಿಲ್ಲ. ಸಕ್ರವ್ವ ಬುಟ್ಟಿಯ ಅರಿವೆ ಬಿಚ್ಚಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವನ ಕೈಗಿಟ್ಟಳು. ಅವನು ಜೀಪಿಗೆ ಒರಗಿ ನಿಂತು ತಿಂದ, ಇನ್ನೊಂದು ಕೇಳಿದ, ಬೆರಳು ನೆಕ್ಕಿಕೊಂಡ. ಆಮೇಲೆ ಚೀಟಿ ಬರೆಸಿದ: ವರ್ಷಕ್ಕೆ ಒಂದು ದಿನ, ಎರಡು ತಾಸು, ಹನ್ನೊಂದು ಮನೆಯಿಂದ ಒಬ್ಬೊಬ್ಬರು, ಐದು ಕಲ್ಲಿನ ತನಕ. ಮುಂದೆ ಬಂದ ಸಾಹೇಬರೆಲ್ಲ ಆ ಚೀಟಿಯ ಕೆಳಗೆ ಸಹಿ ಮಾಡುತ್ತ ಬಂದರು. ಗೇಟಿನ ಆಫೀಸಿನ ಗೋಡೆಗೆ ಅದು ಗಾಜಿನ ಚೌಕಟ್ಟಿನಲ್ಲಿದೆ, ಹದಿನೇಳು ಸಹಿ.

ಅತ್ತೆ ಹೋದಳು, ಅಮಸಿದ್ದನೂ ಹೋದ. ಸಕ್ರವ್ವ ಒಂದು ವರ್ಷವೂ ತಪ್ಪಿಸಲಿಲ್ಲ. ಮಗ ಮಾಳು ಹುಟ್ಟಿದ ಹನ್ನೆರಡನೆಯ ದಿನ ಬಿದ್ದ ಎಳ್ಳಮಾವಾಸ್ಯೆಗೂ ಕೂಸನ್ನು ಅತ್ತೆಯ ತೊಡೆಗೆ ಹಾಕಿ ಹೋಗಿ ಬಂದವಳು.

ಎರಡು ವರ್ಷದ ಹಿಂದೆ ಗವಿಮಡ್ಡಿಗೆ ಮಂದಿಯ ವಿಮಾನವೂ ಬರತೊಡಗಿತು. ಹಾದಿ ಮಿಲಿಟರಿಯದೇ; ಅದರ ದಕ್ಷಿಣದ ಅಂಚಿಗೆ ತಗಡಿನ ಮಾಡಿನ ಒಂದು ನಿಲ್ದಾಣ ಕಟ್ಟಿ, ವಾರಕ್ಕೆ ಮೂರು ದಿನ ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಸಣ್ಣ ವಿಮಾನ ಇಳಿಸಿದರು. ದ್ರಾಕ್ಷಿಯವರು, ಆಸ್ಪತ್ರೆಗೆ ಹೋಗುವವರು, ಬೀಗರು, ಎಲ್ಲರೂ ಹತ್ತಿದರು. ಇಡೀ ಸೀಮೆಗೆ ಹಿಗ್ಗು. ಆ ಹಿಗ್ಗಿನಲ್ಲೇ ತಪ್ಪಾದದ್ದು. ಹೋದ ವರ್ಷ ಹನ್ನೊಂದು ಮನೆಯವರಲ್ಲಿ ಒಬ್ಬೊಬ್ಬರು ಬರುವ ಬದಲು ಅತ್ತೆ ಸೊಸೆ ಅಳಿಯ ಬೀಗರೆಲ್ಲ ಬಂದು ಅರವತ್ತು ಮಂದಿ ಆದರು. ಗೇಟಿನವನು ಸಕ್ರವ್ವನ ಮುಖ ನೋಡಿದ. "ನಮ್ಮವರ ಬಿಡಪ್ಪಾ," ಅಂದಳು. ಅವಳ ಮಾತಿನ ಮೇಲೆ ಬಿಟ್ಟ. ಒಳಗೆ ಹೋದವರು ಕಲ್ಲಿನ ಹತ್ತಿರ ನಿಲ್ಲಲಿಲ್ಲ. "ಇಡೀ ಹೊಲಾ ನಮ್ಮದಲ್ಲೇನು!" ಅನ್ನುತ್ತ ಹಾದಿಯ ಅಂಚಿನ ತನಕ ಹುಲ್ಲುಲ್ಲಿಗೋ ಅಂತ ಚರಗದ ಕೂಗು ಹಾಕಿ ಕಡಬು, ಜೋಳದ ಬಾನ, ಹೋಳಿಗೆ ಚೆಲ್ಲಿದರು. ಸಕ್ರವ್ವ ತಡೆಯಬಹುದಿತ್ತು. ತಡೆಯಲಿಲ್ಲ. ಅವಳಿಗೂ ಹಿಗ್ಗಾಗಿತ್ತು.

ಈ ವರ್ಷ ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಪ್ರತಾಪ ಬೈಕ್ ಏರಿ ಸಕ್ರವ್ವನ ವಸ್ತಿಗೆ ಬಂದ. ಪ್ರತಾಪ ವಿಜಯಪುರದ ಇಬ್ರಾಹಿಂಪುರದವನು, ಗೇಟಿನ ಆಫೀಸಿನಲ್ಲಿ ಗುಮಾಸ್ತ. ಕುರಿಹಟ್ಟಿಯ ಹೊರಗೆ ಹೆಲ್ಮೆಟ್ ತೆಗೆದು ನಿಂತ. ಕಾಗದ ಕೊಡಲೋ ಬೇಡವೋ ಅಂತ ಅದನ್ನು ಎರಡು ಸಲ ಮಡಚಿದ.

"ಓದಪ್ಪಾ. ಮಡಚಿದ್ರ ಅಕ್ಷರ ಬದಲಾಗೂದಿಲ್ಲ," ಅಂದಳು ಸಕ್ರವ್ವ.

"ಚರಗದ ಪರವಾನಿಗಿ ತಗದಾರ, ಆಯಿ."

"ಈ ವರ್ಷದ ಮಟ್ಟಿಗೋ, ಕಾಯಮ್ಮೋ?"

"ಕಾಯಂ."

ಸಕ್ರವ್ವ ಸೊಸೆ ಲಕ್ಷ್ಮಿಗೆ ಚಹಾ ಇಡಲು ಹೇಳಿದಳು. ಒಂದು ವರ್ಷ ಬಿಟ್ಟರೆ ಆ ಗಾಜಿನ ಚೌಕಟ್ಟು ಗೋಡೆಯ ಮೇಲಿನ ಪಟವಾಗುತ್ತದೆ, ಆಮೇಲೆ ಯಾವ ಸಾಹೇಬನೂ ಸಹಿ ಮಾಡುವುದಿಲ್ಲ ಅನ್ನುವುದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅತ್ತೆ ಬಂದೂಕಿನ ಮುಂದೆ ಕೂತು ತೆಗೆಸಿದ ಗೇಟು. ಅದು ತನ್ನ ಕೈಯಲ್ಲಿ ಮುಚ್ಚಿತು.

"ಯಾರು ತಗದವರು?"

"ಹೀನಾ ಮೇಡಂ ಬರದಾರ. ಹೊಸಬರು. ಹಕ್ಕಿ ಓಡಸೂ ಕೆಲಸ ಅವರದ."

"ಹಕ್ಕಿ ಓಡಸಾಕ ಸಾಹೇಬರು ಬೇಕೇನೋ! ನಮ್ಮ ಕಡೆ ಡಬ್ಬಿ ಬಡೀತಾರ." ಚಹಾದ ಕಪ್ಪು ಅವನ ಕೈಗೆ ಕೊಟ್ಟಳು. "ನಾಳಿ ಬರ್ತೇನಿ ಅಂತ ಹೇಳು."

ಮರುದಿನ ಗೇಟಿನ ಆಫೀಸಿನಲ್ಲಿ ಹೀನಾ ಮೇಡಂ ಅವಳಿಗೆ ಕುರ್ಚಿ ಹಾಕಿಸಿದಳು. ಮೂವತ್ತು ದಾಟಿರದ ಹುಡುಗಿ, ಗಿಡ್ಡ ಕೂದಲು, ಕಣ್ಣು ಚುರುಕು. ಆಕೆ ಮಾತಾಡಿದ್ದು ಹಿಂದಿ; ಸಕ್ರವ್ವ ಮಾತಾಡಿದ್ದು ತಿಕೋಟಾ ಸಂತೆಯ ಹಿಂದಿ. ನಡುವೆ ಹಳ್ಳ ಬಂದಲ್ಲಿ ಪ್ರತಾಪ ದಾಟಿಸಿದ.

ಹೀನಾ ಮೇಜಿನ ಖಾನೆಯಿಂದ ಒಂದು ಲೋಹದ ಎಸಳು ತೆಗೆದಿಟ್ಟಳು. ವಿಮಾನದ ಯಂತ್ರದೊಳಗಿನದು, ಕುಡುಗೋಲಿನಷ್ಟು ಉದ್ದ. ಅದರ ಅಂಚು ಮುರುಟಿ ಒಳಗೆ ಹೋಗಿತ್ತು.

"ಇದು ಇಲ್ಲಿಯದಲ್ಲ, ನಾನು ಮೊದಲಿದ್ದ ಕಡೆಯದು. ಒಂದು ಹದ್ದು ಮಾಡಿದ ಕೆಲಸ ಇದು, ಅಮ್ಮಾ. ಒಂದೇ ಹದ್ದು."

ಸಕ್ರವ್ವ ಮುರುಟಿದ ಕಡೆ ಬೆರಳಿಟ್ಟು ನೋಡಿದಳು. ಎರಡನೆಯ ಗೆಣ್ಣಿನ ತನಕ ಹೋಯಿತು. ಅದೇ ಬೆರಳಿನಿಂದ ಆಕೆ ನೂರಾರು ಕುರಿಮರಿಯ ಬಾಯಿಗೆ ಹಾಲು ಹಿಂಡಿದ್ದಳು, ಅದೇ ಕೈಯಿಂದ ಹದ್ದಿನ ಮೇಲೆ ಕಲ್ಲು ಬೀಸಿದ್ದಳು. ಹದ್ದಿನ ತೂಕ ಅವಳಿಗೆ ಗೊತ್ತಿತ್ತು. ಅದು ಕಬ್ಬಿಣ ತಿರುವೀತು ಅನ್ನುವುದು ಗೊತ್ತಿರಲಿಲ್ಲ.

"ಕರೆಪ್ಪ ಇದ್ದ ವಿಮಾನದಾಗ ಎಷ್ಟ ಮಂದಿ ಇದ್ದರು?"

"ನಲವತ್ತೊಂದು."

ಸಕ್ರವ್ವ ಎಸಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬೇಟಿ, ತಪ್ಪು ನಂದು. ಹನ್ನೊಂದು ಅಂತ ಬರದಿದ್ದ ಕಡೆ ಅರವತ್ತು ಮಂದಿ ತಂದಾಕಿ ನಾನು. ಅದನ್ನ ಒಪ್ಪಾಕ ಬಂದೇನಿ. ಆದ್ರ ಗೇಟ ಮುಚ್ಚೂದಕ್ಕ ಒಪ್ಪೂದಿಲ್ಲ. ದಾರಿ ಐತಿ, ಕೇಳ್ತಿಯೇನು?"

"ಕೇಳುತ್ತೇನೆ. ಒಪ್ಪುತ್ತೇನೆ ಅನ್ನಲಿಲ್ಲ."

"ಕಲ್ಲಿನ ಹಂತೇಕ ಏನೂ ಚೆಲ್ಲೂದಿಲ್ಲ. ಕುಣಿ ತಗದು, ಇಟ್ಟು, ಮುಚ್ಚೂದು. ಚೆಲ್ಲೂದು ಬ್ಯಾರೆ ಕಡೆ, ಬಬಲೇಶ್ವರದ ದಿಕ್ಕಿಗೆ, ಆರು ಕಿಲೋಮೀಟರು ದೂರ. ಈ ದಿನಮಾನದಾಗ ಮೂಡಗಾಳಿ ಬೀಸ್ತೈತಿ, ನಿಮ್ಮ ವಿಮಾನ ಗಾಳಿಗೆ ಎದುರಾಗಿ ತಿಕೋಟಾ ಕಡಿಂದ ಬಂದು ಇಳೀತಾವು, ಹೌದಲ್ಲೊ? ಅವು ಆ ಹೊಲದ ಮ್ಯಾಲ ಹಾಯೂದ ಇಲ್ಲ. ಇಲ್ಲಿ ಪೂಜಿ ನಡದಷ್ಟು ಹೊತ್ತು ಇಲ್ಲಿನ ಹದ್ದು ಅಲ್ಲಿರ್ತಾವು."

ಹೀನಾ ಪ್ರತಾಪನ ಕಡೆ ನೋಡಿದಳು. ಮುದುಕಿಯ ಗಾಳಿಯ ಲೆಕ್ಕ ತಪ್ಪಿಲ್ಲ ಅನ್ನುವಂತೆ ಅವನು ತಲೆಯಾಡಿಸಿದ.

"ಹದ್ದುಗಳು ನಿಮ್ಮ ಮಾತು ಕೇಳುತ್ತವೆಯೇ?"

"ನನ್ನ ಮಾತು ನನ್ನ ಮಗನ ಕೇಳೂದಿಲ್ಲ. ಕುರಿನೂ ಕೇಳೂದಿಲ್ಲ. ಹೊಟ್ಟಿ ಮಾತು ಕೇಳ್ತಾವು. ನಾಯಿ ಕುರಿಮರಿಗೆ ಬಾಯಿ ಹಾಕಬಾರದು ಅಂದ್ರ ಅದಕ್ಕ ಬ್ಯಾರೆ ಕಡೆ ರೊಟ್ಟಿ ಒಗೀಬೇಕು. ದಿನಾ ಅದ ಹೊತ್ತಿಗೆ, ಅದ ಜಾಗಾದಾಗ. ಎಂಟು ದಿನಾ ಕೊಡು ನನಗ. ಎಂಟನೇ ದಿನಾ ನೀನ ಬಂದು ಎಣಸು."

"ಎಣಿಸಿ ಇಲ್ಲ ಅಂದರೆ?"

"ಇಲ್ಲಾಂದ್ರ ಆ ಚೌಕಟ್ಟು ನಾನ ಇಳಿಸಿಕೊಂಡು ಒಯ್ತೇನಿ."

ಗೇಟಿಗಿಂತ ಗಟ್ಟಿಯಾಗಿ ನಿಂತವಳು ಪರಸವ್ವ. ಆರು ಕಿಲೋಮೀಟರ್ ದೂರದ ಹೊಲ ಅವಳದೇ. ಹನ್ನೊಂದು ಮನೆತನದಲ್ಲಿ ಅವಳದೂ ಒಂದು. ಸಕ್ರವ್ವನ ಓರಗೆಯವಳು, ಐವತ್ತು ವರ್ಷದಿಂದ ಇಬ್ಬರೂ ಜಗಳಾಡದ ವಾರವಿಲ್ಲ.

"ಕುಣಿ ತಗದು ಮುಚ್ಚೂದಂತ! ಭೂಮ್ತಾಯಿ ಬಸುರಿ ಐದಾಳ. ಬಸುರಿಗೆ ಬಯಕಿ ಊಟ ಹಾಕ್ತಾರೋ, ಮಣ್ಣ ಕೊಡ್ತಾರೋ? ನಿನಗ ಅರಳುಮರಳ ಹತ್ತೇತಿ ಬೇ."

"ಬಸುರಿಗೆ ಉಡಿ ತುಂಬ್ತಾರೋ ಇಲ್ಲೋ?"

"ತುಂಬ್ತಾರ."

"ತುಂಬಿದ ಮ್ಯಾಲ ಆಕಿ ಏನ ಮಾಡ್ತಾಳ? ಸೆರಗಿಗೆ ಗಂಟ ಹಾಕಿ ಮುಚ್ಚಿಕೊಂಡು ಮನಿಗೆ ಹೋಗ್ತಾಳ. ಊರ ಅಗಸ್ಯಾಗ ನಿಂತು ಬಿಚ್ಚಿ ತೋರಸ್ತಾಳೇನು? ನಾವು ಕುಣಿ ತಗಿಯೂದಿಲ್ಲ, ಉಡಿ ಮಾಡ್ತೇವಿ. ಇಡ್ತೇವಿ. ಗಂಟ ಹಾಕ್ತೇವಿ."

ಪರಸವ್ವನಿಗೆ ಒಪ್ಪಿಗೆಯಾದದ್ದು ಸಕ್ರವ್ವನಿಗೆ ತಿಳಿದದ್ದು ಅವಳು ಬೇರೆ ಜಗಳ ತೆಗೆದದ್ದರಿಂದ.

"ಉಡಿ ನಿನ್ನ ಪಾಲಿಗೆ, ಹದ್ದು ನನ್ನ ಪಾಲಿಗೆ? ನನ್ನ ಕೋಳಿಮರಿ ಏನಾಗಬೇಕು?"

"ಎಂಟು ದಿನಾ ಬುಟ್ಟ್ಯಾಗ ಮುಚ್ಚಿಡು. ಚರಗ ಚೆಲ್ಲೂದು ನಿನ್ನ ಹೊಲದಾಗ ಅಂದ್ರ ಪುಣ್ಯಾ ಯಾರಿಗೆ?"

"ಹಂ," ಅಂದಳು ಪರಸವ್ವ. "ಒಂಬತ್ತು ಕೋಳಿಮರಿ ಅದಾವು. ಎಂಟು ಉಳಿದ್ರ ನಿನ್ನ ಸುಮ್ಮನ ಬಿಡೂದಿಲ್ಲ."

ಮರುದಿನದಿಂದ ಮಾಳು ಬೆಳಿಗ್ಗೆ ಹತ್ತೂವರೆಗೆ ಅವ್ವನನ್ನು ಬೈಕಿನಲ್ಲಿ ಪರಸವ್ವನ ಹೊಲಕ್ಕೆ ಬಿಟ್ಟು ಕುರಿಗೆ ಹೋಗುತ್ತಿದ್ದ. ತಿಕೋಟಾದಲ್ಲಿ ಕುರಿ ಕೊಯ್ಯುವವರಿಂದ ಚೂರುಪಾರು ತಂದು, ರೊಟ್ಟಿಯ ತುಂಡು ಬೆರೆಸಿ, ಸಕ್ರವ್ವ ಕಡಲೆ ಹೊಲದ ಪಕ್ಕದ ಬೀಳಿನಲ್ಲಿ ನಿಂತಳು. ಮೊದಲ ದಿನ ಎರಡು ಹದ್ದು ಬಂದವು. ಖುಷಿಯಲ್ಲಿ ಬುಟ್ಟಿಯನ್ನೇ ಬೋರಲು ಹಾಕಿದಳು. ಹತ್ತು ನಿಮಿಷದಲ್ಲಿ ತಿಂದು, ಬಂದ ದಾರಿಗೆ ಹೋದವು.

ಹೌದಲ್ಲ, ಅಂದುಕೊಂಡಳು. ಮೇವು ಒಮ್ಮೆಲೇ ಹಾಕಿದರೆ ಕುರಿಯೂ ನಿಲ್ಲುವುದಿಲ್ಲ.

ಎರಡನೆಯ ದಿನದಿಂದ ಒಂದೊಂದೇ ಹಿಡಿ. ಕೈ ಮೇಲೆತ್ತುವುದು, ಅವು ನೋಡುವಂತೆ ತಡೆಯುವುದು, ಆಮೇಲೆ ಬೀಸುವುದು. ಮತ್ತೆ ಸುಮ್ಮನೆ ನಿಲ್ಲುವುದು. ಹದ್ದು ನೋಡುವುದು ಮೇವನ್ನಲ್ಲ, ಕೈಯನ್ನು ಅನ್ನುವುದು ಮೂರನೆಯ ದಿನಕ್ಕೆ ತಿಳಿಯಿತು. ಅವತ್ತು ಒಂಬತ್ತು ಬಂದವು. ಐದನೆಯ ದಿನಕ್ಕೆ ಮೂವತ್ತರ ಮೇಲೆ. ಆರನೆಯ ದಿನದಿಂದ ಮಾಂಸ ಕಡಿಮೆ ಮಾಡಿ ಸಜ್ಜೆಯ ಕಡಬು ಬೆರೆಸಿದಳು, ಏಳಕ್ಕೆ ಬರೀ ಕಡಬು. ಬೈಕಿನ ಸದ್ದು ಕೇಳಿದರೆ ಸಾಕು, ಗವಿಮಡ್ಡಿಯ ಕಡೆಯಿಂದ ತೇಲಿ ಬಂದು ಅವಳ ತಲೆಯ ಮೇಲೆ ಸುತ್ತತೊಡಗುತ್ತಿದ್ದವು.

"ಜನ್ಮೆಲ್ಲಾ ಹದ್ದ ಹೊಡದಾಕಿ, ಈಗ ಹದ್ದ ಮೇಯಸ್ತಾಳ ನೋಡ್ರೀ!" ಅಂತ ಪರಸವ್ವ ದಾರಿಹೋಕರನ್ನು ಕರೆದು ಕರೆದು ತೋರಿಸಿದಳು. "ಉಣ್ಣಿ ತಗಿ ಬೇ, ಹಾಲ ಕರಿ!"

ಎಂಟನೆಯ ದಿನ ಹೀನಾ ಮೇಡಂ ಜೀಪಿನಲ್ಲಿ ಬಂದಳು, ಜೊತೆಗೆ ಪ್ರತಾಪ. ದುರ್ಬೀನು ಹಚ್ಚಿ ಎಣಿಸಿದಳು. ಎಪ್ಪತ್ತರ ತನಕ ಎಣಿಸಿ ಬಿಟ್ಟಳು. ಕೈಯಲ್ಲಿದ್ದ ಯಂತ್ರದಲ್ಲಿ ಗವಿಮಡ್ಡಿಯ ಗೋಪುರದವರನ್ನು ಕೇಳಿದಳು: "ಹಾದಿಯ ಮೇಲೆ ಎಷ್ಟಿವೆ?"

"ನಾಲ್ಕು," ಅಂತ ಉತ್ತರ ಬಂತು.

ಹೀನಾ ಬಹಳ ಹೊತ್ತು ಸಕ್ರವ್ವನ ಕೈಯನ್ನೇ ನೋಡುತ್ತ ನಿಂತಳು. ಎತ್ತುವುದು, ತಡೆಯುವುದು, ಬೀಸುವುದು.

"ಹನ್ನೊಂದು ಮಂದಿ. ಒಬ್ಬರೂ ಹೆಚ್ಚಲ್ಲ. ಹನ್ನೊಂದರಿಂದ ಒಂದರ ತನಕ," ಅಂದಳು ಕಡೆಗೆ. "ಈ ವರ್ಷ ನೋಡುತ್ತೇನೆ. ಮುಂದಿನದು ಮುಂದೆ. ಅಂದ ಹಾಗೆ ಅಮ್ಮಾ, ಆ ಎರಡು ತಾಸು ನೀವು ಒಳಗೆ ಕಲ್ಲಿನ ಹತ್ತಿರ ಇದ್ದರೆ, ಇಲ್ಲಿ ಯಾರು?"

ಎತ್ತಿದ ಕೈ ಅಲ್ಲೇ ನಿಂತಿತು. ಇಷ್ಟು ದಿನ ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ನಾ ನಿಲ್ತೇನಿ ತಗೋ," ಅಂದಳು ಪರಸವ್ವ. "ಇದೇನ ಬ್ರಹ್ಮವಿದ್ಯಾ?" ಬುಟ್ಟಿ ಕಸಿದುಕೊಂಡಳು. ಮೊದಲ ಹಿಡಿ ಬೀಸಿದಳು. ಹದ್ದೊಂದು ಕಿವಿಯ ಪಕ್ಕ ಹಾದುಹೋದದ್ದೇ, "ಯವ್ವಾ!" ಅಂತ ಚೀರಿ ಬುಟ್ಟಿಯ ಸಮೇತ ಒಗೆದಳು. ಹತ್ತು ನಿಮಿಷದಲ್ಲಿ ಆಕಾಶ ಖಾಲಿ. ಯಂತ್ರದಲ್ಲಿ ಗೋಪುರದವರ ದನಿ ಬಂತು: "ಇಪ್ಪತ್ತು... ಮೂವತ್ತೈದು..."

ಪ್ರತಾಪ ನಕ್ಕವನು ಸಕ್ರವ್ವನ ಮುಖ ನೋಡಿ ನಿಲ್ಲಿಸಿದ.

ಸಕ್ರವ್ವ ಬದುವಿನ ಮೇಲೆ ಕೂತಳು. ಎಲೆ ತೆಗೆದು ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ಹಾಕಿ ಅಗಿದಳು. ಬಾಣಂತಿತನದಲ್ಲೂ ತಪ್ಪಿಸದ ಕಲ್ಲು ಅವು. ಈಗ ಎಪ್ಪತ್ತೆರಡು, ಇನ್ನೆಷ್ಟು ಎಳ್ಳಮಾವಾಸ್ಯೆ ಉಳಿದಿವೆಯೋ ದೇವರಿಗೇ ಗೊತ್ತು. ಎಲೆ ಉಗುಳಿ ಎದ್ದಳು.

"ಲಕ್ಷ್ಮಿ ಹೋಗ್ತಾಳ," ಅಂದಳು. "ನಾ ಇಲ್ಲಿರ್ತೇನಿ."

ಲಕ್ಷ್ಮಿಗೆ ಅವತ್ತೆಲ್ಲ ಪಾಠ. ಮೊದಲು ನೀರು, ಆಮೇಲೆ ಸುಣ್ಣ, ಆಮೇಲೆ ಕುಂಕುಮ. ಉಡಿ ಮೊಣಕೈ ಆಳ ಇರಲಿ, ನಾಯಿ ಕೆದರಬಾರದು. ಒಂದು ಅಗುಳೂ ಹೊರಗೆ ಬೀಳಬಾರದು. ಬಾಯಲ್ಲಿ ಹುಲ್ಲುಲ್ಲಿಗೋ ಅನ್ನು, ಕೂಗಬೇಡ, ಭೂಮಿತಾಯಿಗೆ ಕಿವಿ ಚುರುಕು.

"ಸಣ್ಣವ ವಾಲ್ತಾನ. ನಿಮ್ಮ ದೊಡ್ಡತ್ತಿ ಇಟ್ಟ ಜಲ್ಲಿ ಚೂರು ಅಲ್ಲೇ ಇರ್ತೈತಿ, ಹುಡಿಕಿ ಒತ್ತು ಕೊಡು."

"ಆಗೂದಿಲ್ಲತ್ತಿ. ಬಂದೂಕಿನವರು ನೋಡಕೋಂತ ನಿಂತಿರ್ತಾರ."

"ನೋಡ್ಲಿ. ನೋಡಿದವರಿಗೆ ಒಂದು ಕಡಬು ಕೊಡು. ನಮ್ಮ ಮನ್ಯಾಗ ಬಂದೂಕಿಗೆ ಅದ ಮದ್ದು."

ಎಳ್ಳಮಾವಾಸ್ಯೆಯ ದಿನ ಬೆಳಗಿನ ಜಾವಕ್ಕೇ ವಸ್ತಿಯ ಮನೆಗಳಲ್ಲಿ ಎಣ್ಣೆ ಕಾದಿತ್ತು. ಹನ್ನೊಂದು ಹೆಣ್ಣುಮಕ್ಕಳು ಗೇಟಿಗೆ ಹೋದರು. ಉಳಿದವರೆಲ್ಲ ಈ ಸಲ ಪರಸವ್ವನ ಹೊಲಕ್ಕೆ ಬಂದರು, ಗಾಡಿ, ಟಂಟಂ, ಟ್ರ್ಯಾಕ್ಟರು ಕಟ್ಟಿಕೊಂಡು. ಸಂತೆಯ ಕರೆಪ್ಪನೂ ಬಂದ. "ವಿಮಾನ ಇಳಿಯೂದು ನೋಡಾಕ ಬಂದೇನಿ. ನಮ್ಮ ಅಳಿಯ ಅದಾನ ಅದರಾಗ," ಅಂದ.

ಎಲ್ಲರ ಕೈಯಲ್ಲೂ ಚರಗದ ಬುಟ್ಟಿ. ಸಕ್ರವ್ವ ಎದುರಿಗೆ ನಿಂತಳು.

"ನಾ ಕೈ ಎತ್ತಿದಾಗ ಎತ್ತಬೇಕು. ಬೀಸಿದಾಗ ಬೀಸಬೇಕು. ಒಂದ ಹಿಡಿ. ಅವಸರ ಮಾಡಿದವರ ಬುಟ್ಟಿ ಕಸಗೋತೇನಿ, ಕರೆಪ್ಪಾ, ನಿನಗ ಹೇಳಾಕತ್ತೇನಿ."

"ನಾ ಇನ್ನೂ ಏನೂ ಮಾಡಿಲ್ಲಬೇ!"

"ಮಾಡ್ತಿ ಅಂತ ಗೊತ್ತೈತಿ."

ಹನ್ನೊಂದು ಹೊಡೆಯುವ ಹೊತ್ತಿಗೆ ಹದ್ದುಗಳು ಬಂದವು. ಸಕ್ರವ್ವನ ಕೈ ಮೇಲೆದ್ದಿತು. ಅವಳ ಹಿಂದೆ ಐವತ್ತು ಕೈ ಎದ್ದವು. "ಹುಲ್ಲುಲ್ಲಿಗೋ!" ಅಂದಳು. "ಚಳ್ಳಂಬ್ರಿಗೋ!" ಅಂತ ಹೊಲವೆಲ್ಲ ಕೂಗಿತು. ಕಡಬು, ಬಾನ, ಹೋಳಿಗೆಯ ಚೂರು ಬಿಸಿಲಿನಲ್ಲಿ ಹಾರಿದವು. ಮೇಲಿನಿಂದ ಕಂದು ರೆಕ್ಕೆಗಳು ಒಂದರ ಹಿಂದೊಂದು ಇಳಿದು ಎದ್ದವು. ಕಾಗೆ ಬಂದವು, ಬೆಳ್ಳಕ್ಕಿ ಬಂದವು. ಹಿಡಿ, ನಿಲುವು, ಹಿಡಿ, ನಿಲುವು. ಒಂದು ತಾಸಿನಲ್ಲಿ ಸಕ್ರವ್ವನ ರಟ್ಟೆ ಕಲ್ಲಾಯಿತು. ಪರಸವ್ವ ಬಂದು ಅವಳ ಮೊಣಕೈ ಕೆಳಗೆ ತನ್ನ ಕೈ ಕೊಟ್ಟು ನಿಂತಳು. ಮುಂದಿನ ಹಿಡಿಗಳಿಗೆ ಇಬ್ಬರ ಕೈಯೂ ಒಟ್ಟಿಗೆ ಎದ್ದಿತು.

"ಕುರಿಗಿಂತ ತ್ರಾಸ ಬೇ ಇವು," ಅಂದಳು ಸಕ್ರವ್ವ.

"ಉಣ್ಣಿ ಇಲ್ಲಂತ ಖುಷಿ ಪಡು."

ಹನ್ನೆರಡೂ ಇಪ್ಪತ್ತೈದಕ್ಕೆ ಗವಿಮಡ್ಡಿಯ ಕಡೆ ಆಕಾಶದಲ್ಲಿ ಸದ್ದು ಕೇಳಿತು. ಹದ್ದು ಬಿಟ್ಟು ಎಲ್ಲರ ತಲೆಯೂ ಆ ಕಡೆ ತಿರುಗಿತು. ತಿಕೋಟಾದ ಕಡೆಯಿಂದ ವಿಮಾನ ತಗ್ಗುತ್ತ ಬರುತ್ತಿತ್ತು, ಇಲ್ಲಿಂದ ನೋಡಿದರೆ ಹೆಬ್ಬೆರಳಿನಷ್ಟು. ಕರೆಪ್ಪ ಬೆರಳು ಹಿಡಿದು ಎಣಿಸಲು ನಿಂತ, ಸುತ್ತು ಹಾಕೀತೇನೋ ಅಂತ. ಸಕ್ರವ್ವ ಮಾತ್ರ ಆ ಕಡೆ ನೋಡಲಿಲ್ಲ. ನೋಡಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಇವು ಏಳುತ್ತವೆ. ಎತ್ತಿದಳು, ತಡೆದಳು, ಬೀಸಿದಳು.

"ಇಳೀತು!" ಅಂತ ಕರೆಪ್ಪ ಕುಣಿದ. "ಒಂದೂ ಸುತ್ತ ಇಲ್ಲ! ನೆಟ್ಟಗ ಇಳೀತು!"

ಜೋಳದ ತೆನೆಗಳ ಆಚೆ ವಿಮಾನ ಮುಳುಗಿ ಹೋಗಿತ್ತು. ಸಕ್ರವ್ವ ಬುಟ್ಟಿಯ ತಳದಲ್ಲಿದ್ದುದನ್ನೆಲ್ಲ ಒಟ್ಟು ಮಾಡಿ, ಒಂದರ ತನಕ ಸಾಗುವಂತೆ ಚಿಟಿಕೆ ಚಿಟಿಕೆಯಾಗಿ ಬೀಸಿದಳು. ಒಂದಾಯಿತು ಅಂತ ಮಾಳು ಗಡಿಯಾರ ತೋರಿಸಿದ ಮೇಲೆ ಬುಟ್ಟಿ ಬೋರಲು ಹಾಕಿ ಬಡಿದಳು.

ಎರಡರ ಹೊತ್ತಿಗೆ ಹೆಣ್ಣುಮಕ್ಕಳು ಪ್ರತಾಪನ ಜೊತೆ ಬಂದಿಳಿದರು. ಎಲ್ಲರೂ ಒಮ್ಮೆಲೇ ಮಾತಾಡಿದರು. ಉಡಿ ಮೊಣಕೈ ಆಳ ತೆಗೆದರಂತೆ. ಒಬ್ಬಾಕೆಯ ಕೈಯಿಂದ ಕಡಬೊಂದು ಜಾರಿ ಉರುಳಿತಂತೆ. ಹಾದಿಯ ಮೇಲೆ ಉಳಿದಿದ್ದ ನಾಲ್ಕರಲ್ಲಿ ಒಂದು ಹದ್ದು ಅಲ್ಲಿಗೇ ತಿರುಗಿತಂತೆ. ಆಗ ಹೀನಾ ಮೇಡಂ ಓಡಿ ಹೋಗಿ ಕಡಬು ಎತ್ತಿ, ಮಣ್ಣು ಊದಿ, ತಿಂದೇಬಿಟ್ಟಳಂತೆ.

"ತಿಂದಳು?" ಅಂದಳು ಪರಸವ್ವ.

"ಇನ್ನೊಂದು ಕೇಳಿದರು," ಅಂದ ಪ್ರತಾಪ. "ಚೌಕಟ್ಟಿನ ಚೀಟಿ ತಗಿಸ್ಯಾರ, ಆಯಿ. ದೊಡ್ಡ ಸಾಹೇಬರ ಸಹಿಗೆ ಕಳಸ್ತಾರಂತ. ಒಂದು ಸಾಲು ಕೂಡಿಸ್ಯಾರ: ಚೆಲ್ಲುವಂತಿಲ್ಲ, ಉಡಿ ತುಂಬಬೇಕು. ಆ ಶಬ್ದ ಹಿಂದಿಯೊಳಗ ಹೆಂಗ ಬರಿಯೂದಂತ ನನಗ ಕೇಳಿದರು. ಕನ್ನಡದಾಗ ಬರದು ಕೊಟ್ಟೆ."

ಸಕ್ರವ್ವ ತಲೆಯಾಡಿಸಿದಳು. ಅವಳ ಕಣ್ಣು ಲಕ್ಷ್ಮಿಯ ಮೇಲಿತ್ತು. ಸೊಸೆಯ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ಬೆರಳ ಮೇಲೆ ಸುಣ್ಣ.

"ಸಣ್ಣವ ನಿಂತಾನೇನು?"

"ನಿಂತಾನತ್ತಿ. ದೊಡ್ಡತ್ತಿ ಚೂರು ಸಿಕ್ಕಿತು. ಹಳೇದು ನೆಲದಾಗ ಇಳದಿತ್ತು, ಅದರ ಮ್ಯಾಲ ಇನ್ನೊಂದು ಒತ್ತು ಇಟ್ಟೇನಿ. ಅಲಗಾಡಿಸಿ ನೋಡಿದೆ, ಅಲಗಾಡಲಿಲ್ಲ."

ಸಕ್ರವ್ವ ಬೆಳಗಿನಿಂದ ಏನೂ ತಿಂದಿರಲಿಲ್ಲ. ನೀರಿನ ಚರಗಿ ತೆಗೆದುಕೊಂಡು ಬದುವಿಗೆ ಹೋಗಿ ಎರಡೂ ಕೈ ಮೊಣಕೈ ತನಕ ತೊಳೆದುಕೊಂಡಳು. ಮೇಲೆ ಎರಡು ಹದ್ದು ಇನ್ನೂ ಸುತ್ತುತ್ತಿದ್ದವು, ಅವಳ ಕೈಯನ್ನೇ ನೋಡುತ್ತ.

"ನಾಳಿಂದ ಇಲ್ಲ, ಹೋಗ್ರಿ," ಅಂದಳು ಅವಕ್ಕೆ. ಸೆರಗಿಗೆ ಕೈ ಒರೆಸಿಕೊಂಡು ಪಂಕ್ತಿಯಲ್ಲಿ ಪರಸವ್ವನ ಪಕ್ಕ ಕೂತಳು. "ಬಡಸವಾ ಲಕ್ಷ್ಮೀ. ಮೊದಲ ಪುಂಡಿಪಲ್ಯ. ಆಮ್ಯಾಲ ಈಕಿ ಕೋಳಿಮರಿ ಎಣಸೂಣು."